ಐದಾಣೆ ಆಚೀಚೆ

ಗಾಜಿನ ಮೇಲೆ ಮೂರನ್ನು ಸಾಲಾಗಿಟ್ಟ ಜಬೀವುಲ್ಲಾ.
ಮೊದಲನೆಯದು ಅಂಗೈ ತುಂಬ, ಬಣ್ಣದ ನಕ್ಷೆ.
ಬೆರಳು ಸವರಿದರೆ ಕುಕ್ಕರಹಳ್ಳಿ ಕೆರೆ
ಹಿಗ್ಗುತ್ತದೆ, ಕುಗ್ಗುತ್ತದೆ.
ಎರಡನೆಯದು ಬಿಸಿಲಿಗೆ ಒಡ್ಡಿದರೆ ತಾನೇ ಚಾರ್ಜಾಗುವುದಂತೆ.
ಬೆಲೆ ಕೇಳಿ, ಮೆಲ್ಲಗೆ ಅದನ್ನು ಅವನ ಕಡೆಗೇ ಸರಿಸಿದೆ.
ಮೂರನೆಯದು ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ,
ಕಪ್ಪುಬಿಳುಪು ಪರದೆ, ಪಕ್ಕೆಗೆ ಮೂರು ಗುಂಡಿ.
ನಕ್ಷೆ ಇಲ್ಲ. ಬಂದ ದಾರಿಯದೊಂದು ಗೆರೆ ಮಾತ್ರ,
ಬಸವನಹುಳು ಬಿಟ್ಟುಹೋದ ಹಾಗೆ.

"ನಿಮಗೆ ದೊಡ್ಡದೇ ಸರಿ ಮೇಡಂ. ಕಣ್ಣು..." ಎಂದು ತಡೆದು,
"ಸ್ಕ್ರೀನು ಚೆನ್ನಾಗಿದೆ" ಎಂದ.
ಅರವತ್ತು ದಾಟಿದ ಕಣ್ಣಿಗೆ ಅವನು ತೋರಿದ ಮರ್ಯಾದೆ
ನನಗೆ ಹಿಡಿಸಿತು.

ದೊಡ್ಡದು ತುಳಸಿಬಾಯಿಯ ಹತ್ತಿರ ಇದೆ.
ಬೆಟ್ಟ ಇಳಿದು ಉತ್ತನಹಳ್ಳಿ ಕಡೆ ಹೊರಟಾಗ
ಎಡಕ್ಕೆ ತಿರುಗಿ ಎಂದಿತು.
ಎಡಕ್ಕೆ ಯಾರದೋ ರಾಗಿ ಹೊಲ.
ಮುಂದೆ ಹೋದೆವು. ಅರ್ಧ ಮೈಲಿ ಅದರದು ಒಂದೇ ಕೂಗು,
ತಿರುಗಿ, ತಿರುಗಿ, ತಿರುಗಿ,
ರಾಗಿಯ ಮಾಲೀಕನಿಗೆ ಏನೋ ಹೇಳುವುದು ಉಳಿದಂತೆ.
ಬೆವರಿದ ಬೆರಳಿಗೆ ಬಾಯಿ ಮುಚ್ಚುವುದೂ ಇಲ್ಲ ಅದು.

"ಎಷ್ಟು ನಿಖರ?" ಎಂದೆ.
"ಮೂರು ಮೀಟರ್ ಆಚೀಚೆ. ಯಾವುದಾದರೂ ಅಷ್ಟೇ ಮೇಡಂ,
ಉಪಗ್ರಹ ಅಲ್ವಾ, ಎಲ್ಲಿಂದ ನೋಡಬೇಕು ಪಾಪ."
ಮನಸ್ಸಿನಲ್ಲೇ ಮುರಿದೆ: ಹತ್ತಡಿ. ಹತ್ತಿರ ಹತ್ತಿರ ಐದಾಣೆ.
ಇಷ್ಟೇ ಅಗಲದ ನೆಲಕ್ಕೆ ಮದ್ದೂರಿನ ಆಚೆ ಎರಡು ಮನೆಯವರು
ಹದಿನೇಳು ವರ್ಷ ಮಾತು ಬಿಟ್ಟಿದ್ದರು.
ಬೇಲಿಯ ಮೇಲೆ ಬೆಳೆದ ಹೀರೇಕಾಯಿ
ಬಲಿತು, ಒಣಗಿ, ನಾರಾಗಿ ತೂಗುತ್ತಿತ್ತು,
ಯಾರೂ ಕೊಯ್ಯುತ್ತಿರಲಿಲ್ಲ.

ಮೂವತ್ತೊಂದು ವರ್ಷ ಸರ್ವೆ ಇಲಾಖೆ ನನ್ನದು.
ಮೂವತ್ಮೂರು ಅಡಿ ಸರಪಳಿ, ಹದಿನಾರು ಆಣೆ.
ಒಂದು ತುದಿ ನನ್ನ ಕೈಗೆ, ಇನ್ನೊಂದು ಸಿದ್ದಪ್ಪಾಜಿಯ ಮುಷ್ಟಿಗೆ.
ಅವನು ಕಬ್ಬಿನೊಳಗೆ ಮುಳುಗಿದರೆ
ಕೊಂಡಿಯ ಕಿಣಿಕಿಣಿಯೊಂದೇ ಗುರುತು.
"ಎಳೀರವ್ವಾ."
ಎಳೆಯುತ್ತಿದ್ದೆ. ಆ ಕಡೆ ಅವನು ಮಾತ್ರ
ಸರಪಳಿಗೆ ನೋವಾದೀತೇನೋ ಎಂಬಂತೆ
ಸ್ವಲ್ಪ ಜೋಲು ಬಿಡುತ್ತಿದ್ದ.
ಹತ್ತು ಸರಪಳಿಗೆ ಒಂದಾಣೆ ಹೆಚ್ಚು, ತಪ್ಪದೆ.
ಸಾಹೇಬರಿಗೆ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ.
ಕಳೆದು ಬರೆಯುತ್ತಿದ್ದೆ.

ಚಿಕ್ಕದನ್ನೇ ತಗೊಂಡೆ.
ನಕ್ಷೆ ಯಾಕೆ, ಆ ಕಡೆಯ ಅರ್ಧ ನಕ್ಷೆ ನಾನೇ ಎಳೆದದ್ದು
ಎಂದು ಜಂಬ ಕೊಚ್ಚಿದೆ ಜಬೀವುಲ್ಲಾನ ಮುಂದೆ.
ನಿಜ ಹೇಳಬೇಕೆಂದರೆ, ದುಡ್ಡೂ ಅಷ್ಟೇ ಇತ್ತು.

ಭಾನುವಾರ ಐದೂವರೆಗೆ ಪಾಲಹಳ್ಳಿ ದಾಟಿ ನಾಲೆ ಏರಿ ಹಿಡಿದೆ.
ಗದ್ದೆಯ ಮೇಲೆ ಮಂಜು, ಆಲೆಮನೆಯ ಹೊಗೆ ಅದರೊಳಗೇ ಸೇರಿ
ಯಾವುದು ಯಾವುದೆಂದು ತಿಳಿಯದ ಹೊತ್ತು.
ಮೂರೂರಿನ ಎಲ್ಲೆ ಕೂಡುವ ಕಲ್ಲಿನ ಹತ್ತಿರ ಇಳಿದೆ.
ನಾವಿಬ್ಬರೂ ನೆಟ್ಟದ್ದು. ಈಗ ಯಾರೋ
ಅದಕ್ಕೆ ಎಮ್ಮೆ ಕಟ್ಟುತ್ತಾರೆ, ಹಗ್ಗದ ಸವೆತ ಇದೆ.
ಕಲ್ಲು ಅಲ್ಲಾಡಿಲ್ಲ. ನಾನೂ ಅಲ್ಲಾಡಲಿಲ್ಲ.
ಪರದೆಯ ಗೆರೆ ಮಾತ್ರ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು,
ಸಕ್ಕರೆ ಕಾಣದ ಇರುವೆಯ ಹಾಗೆ
ನಮ್ಮ ಸುತ್ತಲೇ ಓಡಾಡಿತು.

ಅಲ್ಲಿಂದಲೇ ಸಿದ್ದಪ್ಪಾಜಿಗೆ ಫೋನು ಮಾಡಿದೆ.
ಹಸುವಿಗೆ ಹಿಂಡಿ ಕಲಸುತ್ತಿದ್ದನಂತೆ.
ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಸ್ವಲ್ಪ ಬಿಟ್ಟು,
"ಆ ತುದೀನ ಯಾರು ಇಡ್ಕಂಡಿರ್ತಾರವ್ವಾ?"
"ಮೇಲೆ. ಉಪಗ್ರಹ."
"ಬಿಗಿಯಾಗಿ ಇಡ್ಕಂತದಾ?"

ಬಿಸಿಲು ಬಲಿಯುವುದರೊಳಗೆ ಮನೆಗೆ ಬಂದೆ.
ಗುಂಡಿ ಒತ್ತಿದರೆ ಮೂವತ್ತೆಂಟು ಪಾಯಿಂಟ್ ನಾಲ್ಕು.
ಮೊಣಕಾಲಿಗೆ ಎಣ್ಣೆ ಹಚ್ಚಿ
ಹಳೆಯ ಅಳತೆ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದೆ:
ಮೂವತ್ತೆಂಟು ಪಾಯಿಂಟ್ ಮೂರು.